ಮೊಳಕೆ ರಾಗಿ–ನವಣೆ ಮಾಲ್ಟ್: ಸಾದಾ ಪುಡಿ ಸೈ, ಚಾಕೊಲೇಟ್ ಪುಡಿ ಬೇಡ

ಸಿಂಧನೂರಿನ ಮಹಿಳಾ ಸ್ವಸಹಾಯ ಸಂಘವೊಂದು ಮಕ್ಕಳಿಗೆಂದು ತಯಾರಿಸಿ ಮಾರುತ್ತಿರುವ ಮಾಲ್ಟ್ ಪುಡಿಯನ್ನು ಐದು ವರ್ಷದ ಮಗಳಿಗಾಗಿ ಕೆಲವು ತಿಂಗಳಿಂದ ಬಳಸುತ್ತಿದ್ದೇವೆ. ಸಾದಾ ಮತ್ತು ಚಾಕೊಲೇಟ್ ಎಂಬ ಎರಡು ಬಗೆಗಳಿದ್ದು, ಬೆಲೆ ಎರಡಕ್ಕೂ ಅರ್ಧ ಕಿಲೊಗೆ 160 ರೂಪಾಯಿ.

ಸಾದಾ ಪುಡಿಯ ಗುಣವೆಲ್ಲ ಅದನ್ನು ಮಾಡುವ ಬಗೆಯಲ್ಲಿದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸುತ್ತಾರೆ. ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಅಂಬಲಿ ಬೇಗ ಗಟ್ಟಿಯಾಗುವುದಿಲ್ಲ. ಹೀಗಾಗಿ ಅಷ್ಟೇ ನೀರಿಗೆ ಮಾಮೂಲಿ ಹಿಟ್ಟಿಗಿಂತ ಹೆಚ್ಚು ಪುಡಿ ಹಾಕಿ ಕುದಿಸಬಹುದು, ನಾಲ್ಕೇ ಚಮಚ ಕುಡಿದು ಸಾಕೆನ್ನುವ ಮಗುವಿಗೂ ಹೆಚ್ಚು ಶಕ್ತಿ ಸಿಗುತ್ತದೆ. ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುವ ಫೈಟೇಟ್ ಸಹ ಮೊಳಕೆಯಿಂದ ತಗ್ಗುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದು ಬೇರೆ ಮಾತು.

ಚಾಕೊಲೇಟ್ ಪೊಟ್ಟಣದ ಹಿಂಬದಿ ಓದಿದರೆ ಸಂಗತಿ ಬೇರೆಯೇ ಆಗಿದೆ. ನಮ್ಮ ದೇಶದ ನಿಯಮದಂತೆ ತೂಕದಲ್ಲಿ ಹೆಚ್ಚಿರುವ ಪದಾರ್ಥವನ್ನೇ ಮೊದಲು ಮುದ್ರಿಸಬೇಕು. ಇಲ್ಲಿ ಮೊದಲು ಸಕ್ಕರೆ, ನಂತರ ರಾಗಿ, ಆಮೇಲೆ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟವನ್ನು ಒಡೆದು ಮಾಡುವ ಪುಡಿ) ಮತ್ತು ಕೋಕೋ, ನವಣೆ ಎಲ್ಲಕ್ಕಿಂತ ಕೊನೆಗೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆಯಿರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಐದು ವರ್ಷದ ಮಗುವಿಗೆ ಈ ಶೇ 5 ಎಂದರೆ ಸುಮಾರು 17 ಗ್ರಾಂ, ಅಂದರೆ ನಾಲ್ಕು ಸಣ್ಣ ಚಮಚ. ಬೆಲ್ಲವೂ ಈ ಲೆಕ್ಕದೊಳಗೇ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪಾನೀಯಗಳನ್ನು ‘ಆರೋಗ್ಯ ಪಾನೀಯ’ಗಳ ಪಟ್ಟಿಯಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿದ್ದು ಸುಮ್ಮನೆ ಅಲ್ಲ. ದೊಡ್ಡ ಕಂಪನಿಗಳ ಜಾಡನ್ನೇ ಊರಿನ ಸಂಘವೂ ಹಿಡಿದಿರುವುದು ಬೇಸರದ ಸಂಗತಿ. ಚಾಕೊಲೇಟೇ ಬೇಗ ಖರ್ಚಾಗುತ್ತದೆ ಎಂದು ಅಂಗಡಿಯಾತ ಹೇಳಿದ್ದರಿಂದ ತಪ್ಪನ್ನೆಲ್ಲ ಸಂಘದವರ ಮೇಲೇ ಹೊರಿಸುವಂತೆಯೂ ಇಲ್ಲ.

ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಈ ಸೀಮೆಯ ಜೋಳ, ನವಣೆಯ ಹೊಲಗಳೆಲ್ಲ ಗದ್ದೆಗಳಾದವು. ಬೆಳೆಯ ಜೊತೆಗೆ ಮಕ್ಕಳ ತಟ್ಟೆಯೂ ಬದಲಾಯಿತು: ತೌಡು ಮತ್ತು ಮೊಳಕೆಯ ಭಾಗದೊಂದಿಗೆ ಬಿ1 ಜೀವಸತ್ವವನ್ನೂ ಬಹುಪಾಲು ಕಳೆದುಕೊಂಡ ಪಾಲಿಶ್ ಅಕ್ಕಿಯ ಅನ್ನ ಎರಡು ಹೊತ್ತು, ನಡುವೆ ಕಿರಾಣಿ ಅಂಗಡಿಯ ಐದು ರೂಪಾಯಿಯ ಚಿಪ್ಸ್. ಅಜ್ಜಿಯರು ಕೇರಿ ಹಸನು ಮಾಡುತ್ತಿದ್ದ ನವಣೆಯನ್ನು ನಾವೀಗ ಪೊಟ್ಟಣದಲ್ಲಿ ದುಡ್ಡು ಕೊಟ್ಟು ತರುತ್ತಿದ್ದೇವೆ.

ಸಾದಾ ಪುಡಿಯಲ್ಲೂ ಒಂದು ಕೊರತೆಯಿದೆ. ತಯಾರಿಸಿದ ದಿನಾಂಕದ ಮುದ್ರೆಯನ್ನು ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುತ್ತದೆ. ನವಣೆಯಲ್ಲಿ ಎಣ್ಣೆಯಂಶ ಇರುವುದರಿಂದ ರಾಯಚೂರಿನ ಬೇಸಿಗೆಯಲ್ಲಿ ಪುಡಿಗೆ ಬೇಗ ಕಮಟು ವಾಸನೆ ಬರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಕಾಲು ಕಿಲೊದ ಪೊಟ್ಟಣವನ್ನೇ ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಬೇಗ ಮುಗಿಸುವುದು ಒಳಿತು.