ನೆಲ ಅಗೆಸುವ ಮೊದಲು ಆ ಕೆಂಪು ಡಬ್ಬ ನೋಡಿ

ನೀರು ಕಾಯಿಸಿ ಪೈಪುಗಳಲ್ಲಿ ಹರಿಸಿ ಮನೆ ಬೆಚ್ಚಗಿಡುವ ಬಾಯ್ಲರ್, ರೇಡಿಯೇಟರ್ ಇರುವವರು ಇದನ್ನೊಮ್ಮೆ ಓದಿ. ಎರಡು ಚಳಿಗಾಲ ನಾನು ಇಲ್ಲದ ಸೋರಿಕೆಯನ್ನು ಹುಡುಕಿದೆ. ಕೊನೆಗೆ ನಡುಮನೆಯ ನೆಲವನ್ನೇ ಅಗೆಸಿದೆ. ಅಡಿಯಲ್ಲಿದ್ದ ಪೈಪುಗಳು ಒಣಗಿ ಆರಾಮಾಗಿ ಮಲಗಿದ್ದವು. ಒಂದು ಹನಿ ನೀರೂ ಇರಲಿಲ್ಲ.

ಶುರುವಾದದ್ದು ಹೀಗೆ. ಬಾಯ್ಲರ್ ಕೆಳಗೆ ಪ್ರೆಷರ್ ಗೇಜ್ ಇರುತ್ತದಲ್ಲ, ಬೆಳಗ್ಗೆ ನೋಡಿದರೆ ಅದರ ಮುಳ್ಳು ಸೊನ್ನೆಯ ಹತ್ತಿರ ಬಂದಿರುತ್ತಿತ್ತು. ಬಾಯ್ಲರ್ ಹೊತ್ತಿಕೊಳ್ಳುತ್ತಿರಲಿಲ್ಲ. ನೀರು ತುಂಬುವ ನಲ್ಲಿ ತಿರುಗಿಸಿ 1.2 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ) ತಂದರೆ ಮತ್ತೆ ಸರಿ. ಮೊದಲು ತಿಂಗಳಿಗೊಮ್ಮೆ ಇದ್ದ ಈ ಕೆಲಸ ವಾರಕ್ಕೊಮ್ಮೆ ಆಯಿತು. ಆಮೇಲೆ ದಿನ ಬಿಟ್ಟು ದಿನ. ಹಲ್ಲುಜ್ಜಿ ಬಂದವನೇ ನಲ್ಲಿ ತಿರುಗಿಸುವುದು ಅಭ್ಯಾಸವೇ ಆಗಿಬಿಟ್ಟಿತು.

ಮೆಕ್ಯಾನಿಕ್ ಬಂದು ನೋಡಿದ. "ಎಲ್ಲೋ ಲೀಕ್ ಇದೆ ಸಾರ್, ನೆಲದೊಳಗೇ ಇರಬೇಕು" ಅಂದ. ಒತ್ತಡ ಇಳಿಯುತ್ತಿದೆ ಅಂದರೆ ನೀರು ಹೋಗುತ್ತಿದೆ, ಕಾಣುತ್ತಿಲ್ಲ ಅಂದರೆ ನೆಲದೊಳಗೆ ಹೋಗುತ್ತಿದೆ. ನನಗೂ ಸರಿ ಅನಿಸಿತು. ಆದರೆ ಇನ್ನೊಂದು ವಿಷಯವನ್ನು ನಾನು ದಿನಾ ನೋಡುತ್ತಿದ್ದರೂ ಅವನಿಗೆ ಹೇಳಲಿಲ್ಲ. ಬಾಯ್ಲರ್ ಉರಿದು ಮನೆ ಬೆಚ್ಚಗಾಗುವ ಹೊತ್ತಿಗೆ ಅದೇ ಮುಳ್ಳು 3ರ ಹತ್ತಿರ ಏರುತ್ತಿತ್ತು. ಸೋರಿಕೆಯಿಂದ ಒತ್ತಡ ಇಳಿಯುತ್ತದೆ, ಒಪ್ಪಿದೆ. ಏರುವುದು ಯಾಕೆ? ಈ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ನನ್ನ ನೆಲ ಉಳಿಯುತ್ತಿತ್ತು.

ಉತ್ತರ ಇರುವುದು ಎಕ್ಸ್‌ಪಾನ್ಷನ್ ವೆಸಲ್ ಎಂಬ ಡಬ್ಬದಲ್ಲಿ. ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಕೆಲವರ ಮನೆಯಲ್ಲಿ ಪೈಪಿಗೆ ನೇತುಬಿದ್ದಿರುತ್ತದೆ, ಕೆಲವು ಬಾಯ್ಲರ್‌ಗಳಲ್ಲಿ ಒಳಗೇ ಹಿಂಬದಿಯಲ್ಲಿ ಅಡಗಿರುತ್ತದೆ. ನೀರು ಕಾದರೆ ಹಿಗ್ಗುತ್ತದೆ ಅಲ್ವಾ? 100 ಲೀಟರ್ ನೀರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಿದರೆ ಸುಮಾರು 2 ಲೀಟರ್ ಹೆಚ್ಚಾಗುತ್ತದೆ. ಹಳೆಯ ಕಾಲದ ವ್ಯವಸ್ಥೆಯಲ್ಲಿ ಮೇಲೊಂದು ತೆರೆದ ತೊಟ್ಟಿ ಇರುತ್ತಿತ್ತು, ಹೆಚ್ಚಾದದ್ದು ಅಲ್ಲಿಗೆ ಏರುತ್ತಿತ್ತು. ಈಗಿನದು ಮುಚ್ಚಿದ ವ್ಯವಸ್ಥೆ. ನೀರನ್ನು ಅದುಮಿ ಚಿಕ್ಕದು ಮಾಡಲು ಆಗುವುದಿಲ್ಲ. ಹಾಗಾಗಿ ಆ 2 ಲೀಟರ್‌ಗೆ ಜಾಗ ಕೊಡುವವರು ಬೇಕು. ಡಬ್ಬದ ಮಧ್ಯೆ ಒಂದು ರಬ್ಬರ್ ಪೊರೆ. ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ ಅಥವಾ ನೈಟ್ರೋಜನ್. ನೀರು ಹಿಗ್ಗಿದಾಗ ಪೊರೆಯನ್ನು ತಳ್ಳುತ್ತದೆ, ಗಾಳಿ ಅದುಮಿಕೊಂಡು ಜಾಗ ಬಿಡುತ್ತದೆ. ತಣಿದಾಗ ಗಾಳಿ ನೀರನ್ನು ವಾಪಸ್ ತಳ್ಳುತ್ತದೆ. ಇಷ್ಟೇ.

ಆ ಗಾಳಿ ವರ್ಷಗಳಲ್ಲಿ ನಿಧಾನವಾಗಿ ಹೋಗುತ್ತದೆ. ಸೈಕಲ್ ಟ್ಯೂಬಿನದು ಹೋಗುವ ಹಾಗೆಯೇ. ನನ್ನದು 8 ಲೀಟರ್ ಡಬ್ಬ, ಅದರಲ್ಲಿ 1 ಬಾರ್ ಗಾಳಿ ಇರಬೇಕಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಗಾಳಿ ಸರಿ ಇದ್ದರೆ, ಒತ್ತಡ 1.2ರಿಂದ 3 ಬಾರ್‌ಗೆ ಏರುವುದರೊಳಗೆ ಆ ಡಬ್ಬ ಸುಮಾರು 3.3 ಲೀಟರ್ ನೀರು ಹಿಡಿಯುತ್ತದೆ. ತುಂಬಿದ್ದ ಗಾಳಿಯೆಲ್ಲ ಹೋಗಿ ಒಳಗೆ ಬರೀ ಹೊರಗಿನ ಹವೆಯಷ್ಟೇ ಉಳಿದಿದ್ದರೆ 1.6 ಲೀಟರ್. ನನಗೆ ಬೇಕಾದದ್ದು 2. ಮಿಕ್ಕ ನೀರು ಎಲ್ಲಿಗೆ ಹೋಗಬೇಕು? 3 ಬಾರ್ ಮುಟ್ಟಿದ ಕೂಡಲೇ ಸೇಫ್ಟಿ ವಾಲ್ವ್ ತೆರೆದುಕೊಂಡು ಅದನ್ನು ಹೊರಗೆ ಉಗುಳುತ್ತದೆ. ರಾತ್ರಿ ಎಲ್ಲ ತಣ್ಣಗಾದಾಗ ಉಗುಳಿದಷ್ಟು ನೀರು ಕಡಿಮೆ. ಡಬ್ಬದಲ್ಲಿ ಗಾಳಿ ಕಡಿಮೆಯಾದಷ್ಟೂ ಮುಳ್ಳು ಸೊನ್ನೆಯ ಕಡೆಗೆ. ಬೆಳಗ್ಗೆ ನಾನು ಎದ್ದು ನಲ್ಲಿ ತಿರುಗಿಸುವುದು.

ಸೇಫ್ಟಿ ವಾಲ್ವ್ ನೀರು ಉಗುಳುವ ಪೈಪಿನ ಬಾಯಿ ಮನೆಯ ಹಿಂದಿನ ಗೋಡೆಯಲ್ಲಿದೆ. ಅದರ ಕೆಳಗೆ ಗೋಡೆಗುಂಟ ಒಂದು ತುಕ್ಕುಬಣ್ಣದ ಗೆರೆ ಇಳಿದಿತ್ತು, ಬುಡದಲ್ಲಿ ಪಾಚಿ ಕಟ್ಟಿತ್ತು. ಮಳೆ ನೀರು ಅಂದುಕೊಂಡಿದ್ದೆ. ಬರೀ ಅಷ್ಟಗಲ ಜಾಗದಲ್ಲಿ ಅದೆಂಥ ಮಳೆ!

ಈಗ ಸಿಟ್ಟು ಬರುವ ಭಾಗ. ಆ ಮೆಕ್ಯಾನಿಕ್ ವೆಸಲ್ ನೋಡಿರಲಿಲ್ಲ ಅಂತಲ್ಲ. ನೋಡಿದ್ದ. ಅದರ ವಾಲ್ವ್ ಕಾರಿನ ಟೈರಿನದೇ ತರಹ ಇರುತ್ತದೆ. ಟೈರ್ ಗೇಜ್ ಇಟ್ಟ, 1.2 ತೋರಿಸಿತು, "ಗಾಳಿ ಪಕ್ಕಾ ಇದೆ" ಅಂದ. ತಪ್ಪಿದ್ದು ಇಲ್ಲೇ. ವ್ಯವಸ್ಥೆಯಲ್ಲಿ 1.2 ಬಾರ್ ನೀರಿತ್ತು. ಆ ನೀರು ಪೊರೆಯನ್ನು ಒತ್ತುತ್ತಿದ್ದರೆ ಈಚೆಗಿರುವ ಗಾಳಿ ಒಂದು ಹಿಡಿಯಷ್ಟಿದ್ದರೂ ಗೇಜ್ 1.2 ಅಂತಲೇ ಹೇಳುತ್ತದೆ. ಅವನು ಅಳೆದದ್ದು ನೀರಿನ ಒತ್ತಡವನ್ನು. ನೀರಿನ ಕಡೆ ಒತ್ತಡ ಪೂರ್ತಿ ಸೊನ್ನೆ ಮಾಡದೆ ವೆಸಲ್‌ನ ಗಾಳಿ ಅಳೆದರೆ ಆ ಅಳತೆಗೆ ಬೆಲೆಯೇ ಇಲ್ಲ.

ಎರಡನೆಯ ಮೆಕ್ಯಾನಿಕ್ ಸ್ವಲ್ಪ ವಯಸ್ಸಾದವರು, ಮಾತು ಕಡಿಮೆ. ಬಾಯ್ಲರ್ ಆರಿಸಿ ತಣ್ಣಗಾಗಲು ಬಿಟ್ಟರು. ರೇಡಿಯೇಟರ್‌ಗಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ಪೈಪಿನ ವಾಲ್ವ್ ಎರಡನ್ನೂ ಮುಚ್ಚಿದರು. ಬಾಯ್ಲರ್ ಕಡೆಯ ನೀರು ಇಳಿಸಿದರು, ಆ ನಲ್ಲಿಯನ್ನು ತೆರೆದೇ ಇಟ್ಟರು. ಆಮೇಲೆ ವೆಸಲ್‌ನ ವಾಲ್ವಿನ ನಡುವಿನ ಕಡ್ಡಿಯನ್ನು ಉಗುರಿನಿಂದ ಒತ್ತಿದರು. ಬುಸ್ ಅಂತ ಗಾಳಿ ಬರಬೇಕಿತ್ತು. ಬಂದದ್ದು ಕಪ್ಪು ನೀರು, ಅವರ ಅಂಗೈ ಮೇಲೆ ಹರಿಯಿತು. "ಪೊರೆ ಹರಿದಿದೆ" ಅಂದರು. ಗಾಳಿ ಬಂದಿದ್ದರೆ ಸೈಕಲ್ ಪಂಪಿನಲ್ಲಿ ತುಂಬಿದ್ದರೂ ಸಾಕಿತ್ತಂತೆ. ಎಷ್ಟು ತುಂಬಬೇಕು ಎನ್ನುವುದಕ್ಕೆ ಲೆಕ್ಕ ಸುಲಭ: ವೆಸಲ್‌ನಿಂದ ಎಲ್ಲಕ್ಕಿಂತ ಮೇಲಿನ ರೇಡಿಯೇಟರ್‌ವರೆಗೆ ಮೀಟರಿಗೆ 0.1 ಬಾರ್, ಅದರ ಮೇಲೆ 0.2 ಅಥವಾ 0.3. ತಯಾರಕರ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಲೆಕ್ಕಕ್ಕೆ. ಗ್ಯಾಸ್ ಬಾಯ್ಲರಿನ ಮುಚ್ಚಳ ಬಿಚ್ಚುವ ಕೆಲಸ ಮಾತ್ರ ನೀವು ಮಾಡಲು ಹೋಗಬೇಡಿ, ಅದಕ್ಕೆ ಲೈಸೆನ್ಸ್ ಇರುವವರೇ ಬರಲಿ.

ಹಳೆಯ ಡಬ್ಬ ಬಿಚ್ಚಿ ನನ್ನ ಕೈಗೆ ಕೊಟ್ಟರು. ತುಂಬಿದ ಕೊಡದ ಹಾಗೆ ಭಾರ, ಒಳಗೆ ನೀರು ತುಂಬಿತ್ತು. ಹೊಸದನ್ನು ಒಂದೇ ಕೈಯಲ್ಲಿ ಎತ್ತಬಹುದಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಸೇಫ್ಟಿ ವಾಲ್ವನ್ನೂ ಬದಲಿಸಬೇಕಾಯಿತು. ಅದು ಮತ್ತೆ ಮತ್ತೆ ತೆರೆದು ಮುಚ್ಚಿ, ಅದು ಮುಚ್ಚಿ ಕೂರುವ ಜಾಗದ ಮೇಲೆ ಕಸ ಕೂತು, ಒತ್ತಡ ಸರಿ ಇದ್ದಾಗಲೂ ತೊಟ್ಟಿಕ್ಕುತ್ತಿತ್ತು. ಜೊತೆಗೆ ನಾನು ದಿನ ಬಿಟ್ಟು ದಿನ ತುಂಬಿದ ಹೊಸ ನೀರು. ಹೊಸ ನೀರಿನ ಜೊತೆ ಆಮ್ಲಜನಕ ಒಳಗೆ ಹೋಗುತ್ತದೆ, ರೇಡಿಯೇಟರಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಂಗೈ ಮೇಲೆ ಬಂದ ಆ ಕಪ್ಪು ಬಣ್ಣ ಅದೇ. ಮಹಡಿಯ ಎರಡು ರೇಡಿಯೇಟರ್‌ಗಳು ಕೆಳಭಾಗದಲ್ಲಿ ತಣ್ಣಗೇ ಇರುತ್ತಿದ್ದುದು ಕೆಸರು ಕೂತಿದ್ದರಿಂದ. ಇಡೀ ವ್ಯವಸ್ಥೆಯನ್ನು ತೊಳೆಸಬೇಕಾಯಿತು. ಒಂದು ಸಣ್ಣ ಡಬ್ಬದ ತೊಂದರೆಯನ್ನು ನಾನೇ ನಲ್ಲಿ ತಿರುಗಿಸಿ ತಿರುಗಿಸಿ ದೊಡ್ಡದು ಮಾಡಿದ್ದೆ.

ನಿಮ್ಮ ಮನೆಯಲ್ಲೂ ಬಿಸಿಯಾದಾಗ ಮುಳ್ಳು 3ಕ್ಕೆ ಏರಿ, ತಣಿದಾಗ ಸೊನ್ನೆಗೆ ಬೀಳುತ್ತಿದ್ದರೆ, ಇವತ್ತೇ ಆ ಹೊರಗಿನ ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಸಿಕ್ಕಿಸಿ ನೋಡಿ. ಬಿಗಿಯಾಗಿ ಕಟ್ಟಬೇಡಿ, ಬರುವ ನೀರು ಸುಡುತ್ತದೆ, ಅದಕ್ಕೆ ದಾರಿ ಬೇಕು. ಒಂದೆರಡು ದಿನದಲ್ಲಿ ಚೀಲದಲ್ಲಿ ನೀರು ಕಂಡರೆ ನೆಲದ ಕಡೆ ನೋಡಲೇ ಬೇಡಿ. ಮೆಕ್ಯಾನಿಕ್ ಬಂದು ವೆಸಲ್ ಸರಿ ಇದೆ ಅಂದರೆ ಒಂದೇ ಪ್ರಶ್ನೆ ಕೇಳಿ: "ನೀರಿನ ಪ್ರೆಷರ್ ಸೊನ್ನೆ ಮಾಡಿ ನೋಡಿದ್ರಾ?"