ಜಾಲಿ ಮುಳ್ಳಿಗೆ ಜಗ್ಗದ ಟೈರ್ ಡಾಂಬರಿಗೆ ಸವೆಯಿತು

ನನ್ನ ಮೌಂಟನ್ ಬೈಕಿನ ಟೈರ್ ಹೇಗಿದೆ ಅಂತ ಹೇಳುತ್ತೇನೆ. 29 ಇಂಚಿನ ಚಕ್ರಕ್ಕೆ 2.25 ಇಂಚು ಅಗಲದ ಟ್ಯೂಬ್‌ಲೆಸ್ ಟೈರ್, ಅಂದರೆ ಒಳಗೆ ಟ್ಯೂಬ್ ಇಲ್ಲದ್ದು. ಹಾಕಿಸಿ ವರ್ಷದ ಮೇಲಾಯಿತು. ಕಂಪನಿ ಹೆಸರು ಬೇಡ, ಮುಂದೆ ಸ್ವಲ್ಪ ಬೈಯುವುದಿದೆ.

ಮೌಂಟನ್ ಬೈಕಿಗೆ ಟೈರ್ ತಗೊಳ್ಳುವವರು ಮೊದಲು ಗ್ರಿಪ್ ಹೇಗಿದೆ ಅಂತ ಕೇಳುತ್ತಾರೆ. ನಮ್ಮ ಕೋಲಾರದಲ್ಲಿ ಮೊದಲು ಕೇಳಬೇಕಾದ್ದು ಮುಳ್ಳಿನ ವಿಷಯ. ಹೊಲದ ದಾರಿಯಲ್ಲಿ ನೆಗ್ಗಿಲು, ಕೆರೆ ಕಡೆ ಜಾಲಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದು ಕೆರೆಗಳು ತುಂಬಿದವು, ಬಹಳ ಸಂತೋಷ. ಆದರೆ ಒಣಗಿದ ಕೆರೆಯಂಗಳದಲ್ಲಿ ಹಾಯಾಗಿ ಓಡಿಸುತ್ತಿದ್ದವರೆಲ್ಲ ಈಗ ಏರಿ ಹತ್ತಬೇಕು. ಅಲ್ಲಿ ಜಾಲಿ ಸವರಿದವರು ಮುಳ್ಳನ್ನು ದಾರಿಯಲ್ಲೇ ಬಿಟ್ಟು ಹೋಗಿರುತ್ತಾರೆ. ಟ್ಯೂಬ್ ಇದ್ದಾಗ ಪಂಕ್ಚರ್ ಹಾಕಿಕೊಳ್ಳುವುದೇ ಒಂದು ಕೆಲಸವಾಗಿತ್ತು.

ಈಗ ಅದೇ ನನ್ನ ಖುಷಿಯ ಹೊತ್ತು. ಮನೆಗೆ ಬಂದವನೇ ಕಾಫಿ ಲೋಟ ಪಕ್ಕಕ್ಕಿಟ್ಟು, ಚಿಮಟ ಹಿಡಿದು ಟೈರ್ ಮುಂದೆ ಕೂರುತ್ತೇನೆ. ಮುಳ್ಳು ಕಿತ್ತ ಕೂಡಲೇ ಬುಸ್ ಅಂತ ಗಾಳಿ, ಅದರ ಹಿಂದೆಯೇ ಸೀಲೆಂಟ್, ಅಂದರೆ ತೂತು ಮುಚ್ಚಲು ಟೈರಿನೊಳಗೆ ಹಾಕುವ ಬಿಳೀ ದ್ರವ, ಎಕ್ಕದ ಎಲೆ ಮುರಿದಾಗ ಬರುವ ಹಾಲಿನ ಹಾಗೆ. ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಬಿಟ್ಟರೆ ಸದ್ದು ನಿಲ್ಲುತ್ತದೆ. ಆಮೇಲೆ ಎರಡು ಸಲ ಪಂಪ್ ಒತ್ತಿದರೆ ಮುಗೀತು. ಮನೆಯವರಿಗೆ ಇದು ಹುಚ್ಚು ಅನ್ನಿಸುತ್ತದೆ, ಇರಲಿ.

ಗ್ರಿಪ್ ಬಗ್ಗೆಯೂ ದೂರಿಲ್ಲ. ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿ ಕಡೆ ನೆಲ ಗಟ್ಟಿ, ಮೇಲೆ ಸಡಿಲ ಗರಸು. ಇಂಥ ಕಡೆ ಕೆಸರಿಗೆ ಮಾಡಿದ ಉದ್ದುದ್ದ ಗುಬ್ಬಿ (ಟೈರಿನ ಮೇಲಿನ ರಬ್ಬರ್ ಉಬ್ಬು) ಸುಮ್ನೆ ದಂಡ, ಬಂಡೆ ಮೇಲೆ ಅದು ಅಲುಗಾಡುತ್ತದೆ. ನಡುವೆ ಗಿಡ್ಡ ಗುಬ್ಬಿ, ಅಂಚಿನಲ್ಲಿ ಗಟ್ಟಿ ಗುಬ್ಬಿ ಇದ್ದರೆ ತಿರುವಿನಲ್ಲಿ ಧೈರ್ಯ. ಟ್ಯೂಬ್ ಇದ್ದಾಗ ಗಾಳಿಯ ಒತ್ತಡ 35 ಪಿಎಸ್‌ಐ ಕೆಳಗೆ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ತೂತಾಗುತ್ತಿತ್ತು. ಈಗ 25ರಲ್ಲಿ ಓಡಿಸುತ್ತೇನೆ. ಕೈ ನೋವು ಎಷ್ಟೋ ಕಡಿಮೆ.

ಇನ್ನು ಬೈಗುಳ. ಬೆಟ್ಟದ ಬುಡ ಮುಟ್ಟಲು ನಾನು ಡಾಂಬರಿನಲ್ಲೇ ಹೋಗಬೇಕು, ಕಾರಿನ ಮೇಲೆ ಸೈಕಲ್ ಏರಿಸಿಕೊಂಡು ಹೋಗುವ ಪೈಕಿಯಲ್ಲ. ರಬ್ಬರ್ ಮೆತ್ತಗಿದೆ, ಹಿಂದಿನ ಟೈರಿನ ನಡುವಿನ ಗುಬ್ಬಿ ಆಗಲೇ ನುಣ್ಣಗಾಗಿದೆ. ಈ ಒಂದು ಟೈರಿನ ದುಡ್ಡಿಗೆ ನನ್ನ ಸ್ಕೂಟರಿಗೆ ಎರಡು ಟೈರ್ ಬರುತ್ತಿತ್ತು! ಸೀಲೆಂಟೂ ಅಷ್ಟೇ. ನಮ್ಮ ಬೇಸಿಗೆಯಲ್ಲಿ ಬೇಗ ಒಣಗಿ ಒಳಗೆ ಸಿಪ್ಪೆಯಾಗಿ ಅಂಟಿರುತ್ತದೆ. ಚಕ್ರ ಅಲ್ಲಾಡಿಸಿದಾಗ ಗುಳುಗುಳು ಸದ್ದು ಬರದಿದ್ದರೆ ಹೊಸದು ಹಾಕಿ. ಬಾಟಲಿ ಮೇಲಿನ ತಿಂಗಳ ಲೆಕ್ಕ ನಂಬಬೇಡಿ.

ಟೈರ್ ರಿಮ್ಮಿಗೆ ಕೂರಿಸಲು ಮನೆ ಪಂಪು ಸಾಲದು. ಅಂಚಿಗೆ ಸೋಪಿನ ನೀರು ಸವರಿ, ತೆಳು ವಾಲ್ವಿಗೆ ಅಡಾಪ್ಟರ್ ಹಾಕಿಕೊಂಡು, ಪಂಕ್ಚರ್ ಅಂಗಡಿಯಣ್ಣನ ಕಂಪ್ರೆಸರ್ ಹಿಡಿಸಿ. ಟಪ್ ಟಪ್ ಅಂತ ಕೂತುಕೊಳ್ಳುತ್ತದೆ.

ಮುಂದಿನ ಚಕ್ರಕ್ಕೆ ಇದೇ ಟೈರ್ ಮತ್ತೆ ತರುತ್ತೇನೆ, ಅಲ್ಲಿ ಅಷ್ಟು ಸವೆದಿಲ್ಲ. ಹಿಂದಕ್ಕೆ ಮಾತ್ರ ಗಟ್ಟಿ ರಬ್ಬರಿನ, ಗಿಡ್ಡ ಗುಬ್ಬಿಯ, ಅಗ್ಗದ್ದು ಯಾವುದಾದರೂ ಸಾಕು. ಟ್ಯೂಬ್‌ಲೆಸ್ ಆಗಿರಬೇಕು, ಅಷ್ಟೇ.