ಶಂಕರಘಟ್ಟದ ಹಾಸ್ಟೆಲ್ಲೋ, ಶಿವಮೊಗ್ಗದ ರೂಮೋ?

ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಹುಡುಗಿಯರು ಇದನ್ನೇ ಕೇಳುತ್ತಾರೆ. ನನ್ನ ಮಾತು ಹಾಸ್ಟೆಲ್ ಕಡೆಗೆ.

ಪೇಟೆಯಲ್ಲಿ ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲ ಹತ್ತಿರ, ನಿಜ. ಆದರೆ ಕ್ಯಾಂಪಸ್ಸು ಸುಮಾರು 28 ಕಿ.ಮೀ. ದೂರ. ಜುಲೈ ಮಳೆಯಲ್ಲಿ ಲೈಬ್ರರಿಯಿಂದ ಹೊರಡುವುದು ಸ್ವಲ್ಪ ತಡವಾಯಿತು ಅನ್ನಿ. ಮೋಡ ಕವಿದು ಆರೂವರೆಗೇ ಕತ್ತಲು. ಗಾಳಿಗೆ ಮಗುಚುವ ಕೊಡೆ ಹಿಡಿದು ಒಬ್ಬಳೇ ಬಸ್ಸಿಗೆ ಕಾಯಬೇಕು. ಕರೆಂಟ್ ಹೋದರಂತೂ ಮೊಬೈಲ್ ಟಾರ್ಚೇ ಗತಿ. ಹಾಸ್ಟೆಲ್ಲಾದರೆ ಜೊತೆಗೆ ನಾಲ್ಕು ಜನ ನಡೆಯುತ್ತಾರೆ. ಬರಲಿಲ್ಲ ಅಂದರೆ ಕೇಳುವವರು ಇರುತ್ತಾರೆ, ಅದೇ ದೊಡ್ಡದಲ್ವಾ?

ರ‍್ಯಾಗಿಂಗ್ ಭಯವೇ? ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸಹಾಯವಾಣಿ 1800-180-5522 ಇದೆ. ಎಲ್ಲೇ ಇದ್ದರೂ ತುರ್ತಿಗೆ 112.

ಸೇರುವ ಮೊದಲು ಸಂಜೆ ಹೊತ್ತು ಹಾಸ್ಟೆಲ್ ದಾರಿಯಲ್ಲಿ ಒಮ್ಮೆ ನಡೆಯಿರಿ. ಎಷ್ಟು ದೀಪ ಉರಿಯುತ್ತವೆ, ಎಣಿಸಿ.